ಪದ್ಮಿನಿಯನ್ನು ಯಾರೂ ಕೇಳಲಿಲ್ಲ

ಗಿರೀಶ ಕಾರ್ನಾಡರ ‘ಹಯವದನ’ ಪ್ರಕಟವಾದದ್ದು 1971ರಲ್ಲಿ. ಅಂದಿನಿಂದ ಅದರ ಮೇಲೆ ಬಂದ ವಿಮರ್ಶೆಗೆ ಲೆಕ್ಕವಿಲ್ಲ. ಅಪೂರ್ಣತೆ, ಪೂರ್ಣತೆಯ ಹಂಬಲ, ತನ್ನತನದ ಹುಡುಕಾಟ, ಜಾನಪದ ರಂಗತಂತ್ರ ಎಂದು ನಾಲ್ಕು ಮಾತಿನಲ್ಲಿ ಅದನ್ನು ಗಂಟುಕಟ್ಟಿ ಇಡುವುದು ಪರೀಕ್ಷೆಯ ಟಿಪ್ಪಣಿಗಳಿಗೆ ರೂಢಿಯಾಗಿಬಿಟ್ಟಿದೆ. ಆ ಮಾತುಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನಾಟಕವನ್ನು ಮತ್ತೆ ಮತ್ತೆ ಓದಿದಾಗ ನನಗೆ ಎದುರಾಗುವುದು ಅದಕ್ಕಿಂತ ಸರಳವಾದ, ಸರಳವಾದ್ದರಿಂದಲೇ ಕಷ್ಟವಾದ ಇನ್ನೊಂದು ಪ್ರಶ್ನೆ. ‘ನಾನು’ ಎನ್ನುವುದು ಎಲ್ಲಿದೆ? ಅದು ದೇಹದ ಕೆಲಸವೇ, ದೇಹವನ್ನು ಮೀರಿದ್ದೇ? ನಾವು ನೋಡುವುದು, ನೋಯುವುದು, ಆಸೆಪಡುವುದು, ನೆನಪಿಟ್ಟುಕೊಳ್ಳುವುದು ಇದಿಷ್ಟನ್ನೂ ಮಾಂಸ, ನರ, ರಕ್ತಗಳ ಲೆಕ್ಕದಲ್ಲಿ ಹೇಳಿ ಮುಗಿಸಬಹುದೇ?

ಇದು ಇವತ್ತು ಪ್ರಪಂಚದ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಕೇಳುತ್ತಿರುವ ಪ್ರಶ್ನೆ. ನಮ್ಮ ಕನ್ನಡ ನಾಟಕವೊಂದು ಐವತ್ತು ವರ್ಷಕ್ಕೂ ಹಿಂದೆಯೇ ಅದನ್ನು ರಂಗದ ಮೇಲೆ ತಂದು ನಿಲ್ಲಿಸಿದೆ. ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ ಆಕ್ಸ್‌ಫರ್ಡಿಗೆ ಹೋದವರು. ಲೆಕ್ಕ ಹಾಕಿಕೊಡುವ ಮೇಷ್ಟರ ಹಾಗೆ ನಮ್ಮ ಮುಂದೆ ಎರಡು ತಲೆ, ಎರಡು ದೇಹ, ಒಬ್ಬ ಹೆಂಗಸನ್ನು ಇಟ್ಟು, ಈಗ ಬಿಡಿಸಿ ಎನ್ನುತ್ತಾರೆ.

ಕಥೆ ಮರೆತವರಿಗಾಗಿ ಎರಡು ಮಾತು. ಧರ್ಮಪುರದಲ್ಲಿ ದೇವದತ್ತ, ಕಪಿಲ ಎಂಬ ಇಬ್ಬರು ಗೆಳೆಯರು. ದೇವದತ್ತ ಬ್ರಾಹ್ಮಣ ಪಂಡಿತನ ಮಗ, ಬುದ್ಧಿವಂತ, ಕವಿ. ಕಪಿಲ ಕಮ್ಮಾರನ ಮಗ, ಗಟ್ಟಿ ಮೈಯವನು. ದೇವದತ್ತ ಪದ್ಮಿನಿಯನ್ನು ಮದುವೆಯಾಗುತ್ತಾನೆ. ಅವಳ ಕಣ್ಣು ಕಪಿಲನ ಮೈಕಟ್ಟಿನ ಕಡೆ ಹೋಗುತ್ತದೆ. ಉಜ್ಜಯಿನಿಯ ದಾರಿಯಲ್ಲಿ ದೇವದತ್ತ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾನೆ. ಅವನನ್ನು ಹುಡುಕಿಬಂದ ಕಪಿಲನೂ ಹಾಗೆಯೇ ಮಾಡುತ್ತಾನೆ. ಸಾಯಲು ಹೊರಟ ಪದ್ಮಿನಿಯನ್ನು, ನಿದ್ದೆಗಣ್ಣಿನ ಕಾಳಿ ತಡೆದು, ತಲೆಗಳನ್ನು ಜೋಡಿಸು, ಬದುಕುತ್ತಾರೆ ಎನ್ನುತ್ತಾಳೆ. ಗಡಿಬಿಡಿಯಲ್ಲಿ ಅವಳು ಅವನ ತಲೆ ಇವನಿಗೆ, ಇವನ ತಲೆ ಅವನಿಗೆ ಇಟ್ಟುಬಿಡುತ್ತಾಳೆ. ಇಬ್ಬರೂ ಎದ್ದು ಕೂರುತ್ತಾರೆ. ಈಗ ಪದ್ಮಿನಿ ಯಾರ ಹೆಂಡತಿ?

ಈ ಕಥೆ ಹಳೆಯದು. ಹನ್ನೊಂದನೇ ಶತಮಾನದ ಕಾಶ್ಮೀರದಲ್ಲಿ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲಿ ಬೇತಾಳ ಇದನ್ನು ಒಗಟಾಗಿ ಕೇಳುತ್ತದೆ. ತಲೆ ಯಾರದ್ದೋ ಅವನೇ ಗಂಡ ಎಂದು ರಾಜ ಉತ್ತರ ಕೊಡುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಜರ್ಮನ್ ಲೇಖಕ ಥಾಮಸ್ ಮನ್ 1940ರಲ್ಲಿ ಇದನ್ನು ಎತ್ತಿಕೊಂಡು, ಉತ್ತರ ಬಂದ ಮೇಲೆ ಏನಾಗುತ್ತದೆ ಎಂದು ಕೇಳಿದ. ಕಾರ್ನಾಡರು ಅಲ್ಲಿಂದ ಇನ್ನೂ ಮುಂದೆ ಹೋಗಿದ್ದಾರೆ. ನಾಟಕದಲ್ಲಿ ಮೂವರೂ ಒಬ್ಬ ಋಷಿಯ ಬಳಿ ಹೋಗುತ್ತಾರೆ. ಅಂಗಗಳಲ್ಲೆಲ್ಲ ತಲೆಯೇ ಶ್ರೇಷ್ಠ, ಆದ್ದರಿಂದ ದೇವದತ್ತನ ತಲೆ ಇದ್ದವನೇ ದೇವದತ್ತ ಎಂಬ ತೀರ್ಪು ಬರುತ್ತದೆ.

ಈ ತೀರ್ಪನ್ನು ಹಳೆಯ ಕಾಲದ ಅಹಂಕಾರ ಎಂದು ತಳ್ಳಿಹಾಕುವ ಹಾಗಿಲ್ಲ. ಇವತ್ತಿನ ವೈದ್ಯಶಾಸ್ತ್ರವನ್ನು ಕೇಳಿದರೂ ಹೆಚ್ಚುಕಡಿಮೆ ಇದೇ ಉತ್ತರ ಬರುತ್ತದೆ. ಒಂದೂಕಾಲು, ಒಂದೂವರೆ ಕಿಲೋ ತೂಗುವ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೇಹದ ತೂಕದಲ್ಲಿ ಐವತ್ತರಲ್ಲಿ ಒಂದು ಪಾಲು ಇರುವ ಈ ಅಂಗ, ಸುಮ್ಮನೆ ಕೂತಿದ್ದಾಗಲೂ ನಾವು ಉಂಡ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲನ್ನು ತಾನೇ ತಿನ್ನುತ್ತದೆ. ಋಷಿಯ ಮಾತನ್ನು ನಮ್ಮ ಸಂಸತ್ತು 1994ರಲ್ಲಿ ಕಾನೂನನ್ನಾಗಿಯೂ ಮಾಡಿದೆ. ಆ ವರ್ಷದ ಅಂಗಾಂಗ ಕಸಿ ಕಾಯಿದೆಯ ಪ್ರಕಾರ, ಮೆದುಳಿನ ಕಾಂಡ ಮತ್ತೆ ಸರಿಹೋಗದ ಹಾಗೆ ನಿಂತರೆ, ಯಂತ್ರದ ಸಹಾಯದಿಂದ ಎದೆ ಬಡಿಯುತ್ತಿದ್ದರೂ ಆ ಮನುಷ್ಯ ಸತ್ತಂತೆ. ತಲೆ ಹೋದ ಮೇಲೆ ಉಳಿದದ್ದು ಬೇರೆಯವರಿಗೆ ಕೊಡಬಹುದಾದ ಅಂಗಗಳು ಮಾತ್ರ. ನೋಡಿ, ದೇಹದಾನ, ಅಂಗದಾನ ಎಂದು ನಾವು ಪುಣ್ಯದ ಮಾತಾಡುವಾಗಲೂ ಆ ಋಷಿಯ ತೀರ್ಪಿನ ಮೇಲೆಯೇ ನಿಂತಿರುತ್ತೇವೆ.

ಇನ್ನೂ ಆಶ್ಚರ್ಯದ ಸಂಗತಿ ಒಂದಿದೆ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು 2016ರಲ್ಲಿ ಬಸ್ ಅಪಘಾತದಲ್ಲಿ ಎರಡೂ ಕೈ ಕಳೆದುಕೊಂಡಳು. 2017ರ ಆಗಸ್ಟಿನಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ, ಅಪಘಾತದಲ್ಲಿ ಮೆದುಳು ನಿಷ್ಕ್ರಿಯವಾಗಿದ್ದ ಒಬ್ಬ ತರುಣನ ಕೈಗಳನ್ನು ಅವಳಿಗೆ ಜೋಡಿಸಿದರು. ಜೋಡಿಸಿದಾಗ ಅವು ಗಂಡಸಿನ ಕೈಗಳು. ದಪ್ಪಗಿದ್ದವು, ಬಣ್ಣ ಅವಳಿಗಿಂತ ಕಪ್ಪಾಗಿತ್ತು. ಎರಡು ಮೂರು ವರ್ಷಗಳಲ್ಲಿ ಬಣ್ಣ ಅವಳ ಮೈಬಣ್ಣಕ್ಕೆ ತಿರುಗಿತು, ಬೆರಳುಗಳು ಸಣ್ಣಗಾದವು. ಅವಳ ದೇಹ ತಯಾರಿಸುವ ಬಣ್ಣದ ದ್ರವ್ಯ, ಅವಳ ಮೆದುಳಿನ ಅಪ್ಪಣೆಗೆ ಒಗ್ಗಿಕೊಂಡ ಸ್ನಾಯುಗಳು ಇದಕ್ಕೆ ಕಾರಣವಿರಬೇಕು ಎಂದು ವೈದ್ಯರು ಹೇಳಿದರು. ಪತ್ರಿಕೆಗಳಲ್ಲಿ ಇದನ್ನು ಓದಿದಾಗ ನನಗೆ ನೆನಪಾದದ್ದು ‘ಹಯವದನ’ದ ಗೊಂಬೆಗಳು. ಉಜ್ಜಯಿನಿಯ ಜಾತ್ರೆಯಿಂದ ಮಗುವಿಗಾಗಿ ತಂದ ಆ ಗೊಂಬೆಗಳೇ ದೇವದತ್ತನ ಕೈ ಮೆತ್ತಗಾಗುತ್ತಿರುವುದನ್ನು ಮೊದಲು ಗಮನಿಸುವುದು. ಕಪಿಲನಿಂದ ಬಂದ ಒರಟು ಕೈ ದಿನೇ ದಿನೇ ಪಂಡಿತನ ಕೈಯಾಗುತ್ತದೆ. ಕಾಡಿನಲ್ಲಿ ಕಪಿಲ ತನಗೆ ಬಂದ ಮೆದು ದೇಹವನ್ನು ದುಡಿಸಿ ದುಡಿಸಿ ಗಟ್ಟಿಮಾಡಿಕೊಳ್ಳುತ್ತಾನೆ. ತಲೆ ದೇಹವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕಾರ್ನಾಡರ ಕಲ್ಪನೆಗೂ ಕೊಚ್ಚಿಯ ಆಸ್ಪತ್ರೆಗೂ ಇಷ್ಟು ಹತ್ತಿರದ ನಂಟು ಬರುತ್ತದೆಂದು 1971ರಲ್ಲಿ ಯಾರು ತಿಳಿದಿದ್ದರು?

ಹಾಗಾದರೆ ಋಷಿ ಗೆದ್ದನೇ? ಕಪಿಲ ಒಪ್ಪುವುದಿಲ್ಲ. ಈ ಮೈ ಅವಳನ್ನು ಮುಟ್ಟಿದೆ, ಈ ಕೈ ಅವಳ ಕೈ ಹಿಡಿದಿದೆ, ಅವಳ ಹೊಟ್ಟೆಯಲ್ಲಿರುವ ಕೂಸು ಈ ದೇಹದ್ದು ಎಂಬುದು ಅವನ ವಾದ. ಮುಂದೆ ಕಾಡಿನಲ್ಲಿ ಅವನ ಸಂಕಟ ಇನ್ನೂ ಆಳವಾದದ್ದು. ತಲೆಗೆ ಗುರುತಿಲ್ಲದ ನೆನಪುಗಳು ಮೈಯಲ್ಲಿವೆ. ಹೆಸರಿಲ್ಲದ, ಮುಖವಿಲ್ಲದ ಸ್ಪರ್ಶಗಳು ಅವನನ್ನು ಕಾಡುತ್ತವೆ. ವಿಜ್ಞಾನದ ಪುಸ್ತಕ ಹಿಡಿದು ನೋಡಿದರೆ ಇಲ್ಲಿ ಕಾರ್ನಾಡರು ತಪ್ಪಿದ್ದಾರೆ ಎನ್ನಬೇಕಾಗುತ್ತದೆ. ಮುಟ್ಟಿದ್ದು ಕೈಯಾದರೂ ನೆನಪು ಉಳಿಯುವುದು ಮೆದುಳಿನಲ್ಲಿ. ಕೈ ಬದಲಾದರೆ ಅದರ ಜೊತೆ ನೆನಪು ಬರುವುದಿಲ್ಲ.

ಆದರೆ ಆತುರಪಡಬಾರದು. ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬುವನಿಗೆ ಮೂರ್ಛೆರೋಗ ವಿಪರೀತವಾಗಿ, 1953ರಲ್ಲಿ ಮೆದುಳಿನ ಎರಡೂ ಪಕ್ಕದಿಂದ ಒಂದೊಂದು ಭಾಗ ತೆಗೆದರು. ಅಂದಿನಿಂದ ಹೊಸ ನೆನಪು ಅವನಲ್ಲಿ ನಿಲ್ಲುತ್ತಿರಲಿಲ್ಲ. ಮಾತಾಡಿಸಿ ಹೋದವರು ಸ್ವಲ್ಪ ಹೊತ್ತು ಬಿಟ್ಟು ಬಂದರೆ ಹೊಸಬರೇ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ, ಹೆಣ್ಣುಮಗಳು, ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯಲು ಹೇಳಿದಳು. ಮಾಡಿ ನೋಡಿ, ಕೈ ಅಡ್ಡಾದಿಡ್ಡಿ ಹೋಗುತ್ತದೆ. ಮೂರು ದಿನ ಅಭ್ಯಾಸ ಮಾಡಿಸಿದಾಗ ಅವನ ಕೈ ಸೊಗಸಾಗಿ ಪಳಗಿತು. ಆದರೆ ಪ್ರತಿ ಸಲವೂ ಅವನಿಗೆ ಅದು ಮೊದಲ ಸಲವೇ. ಕೈಗೆ ಗೊತ್ತು, ‘ನನಗೆ’ ಗೊತ್ತಿಲ್ಲ. ಮೆದುಳಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ಬಗೆಯ ನೆನಪು ಕಾಯುತ್ತವೆ, ಅವುಗಳಲ್ಲಿ ಕೆಲವು ನಮ್ಮ ಅರಿವಿಗೆ ಬರುವುದೇ ಇಲ್ಲ ಎಂಬುದು 1962ರಲ್ಲಿ ಮಿಲ್ನರ್ ತೋರಿಸಿದ ಸತ್ಯ. ಕಪಿಲ ಹೇಳುವುದೂ ಇದನ್ನೇ ಅಲ್ಲವೇ? ಜಾಗ ತಪ್ಪಿರಬಹುದು, ಸಂಗತಿ ತಪ್ಪಿಲ್ಲ.

ಇದೇ ಬೆಳಕಿನಲ್ಲಿ ಕಾಳಿಗುಡಿಯ ದೃಶ್ಯವನ್ನು ನೋಡಬೇಕು. ಪದ್ಮಿನಿ ತಲೆಗಳನ್ನು ಅದಲುಬದಲು ಮಾಡಿದ್ದು ತಿಳಿದೋ, ತಿಳಿಯದೆಯೋ? ವಿಮರ್ಶಕರು ಎರಡು ಪಕ್ಷವಾಗಿ ವಾದಿಸುತ್ತಾರೆ. ಬೇಕೆಂದೇ ಮಾಡಿದಳು, ಎರಡು ಒಳ್ಳೆಯ ವಸ್ತುಗಳನ್ನು ಒಂದೇ ಗಂಡಸಿನಲ್ಲಿ ಸೇರಿಸಿಕೊಂಡಳು, ಜಾಣೆ ಎಂದು ಒಬ್ಬರು. ಪಾಪ, ಕತ್ತಲೆ, ಗಾಬರಿ ಎಂದು ಇನ್ನೊಬ್ಬರು. ನನಗೆ ಎರಡೂ ಸಾಲದು ಅನ್ನಿಸುತ್ತದೆ.

ದಾವಣಗೆರೆಯಿಂದ 14 ಕಿಲೋಮೀಟರ್ ದೂರದ ಹರಿಹರದಲ್ಲಿ, ಹೊಯ್ಸಳರ ದಂಡನಾಯಕ ಪೋಲಾಳ್ವ ಹದಿಮೂರನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿ ಇದೆ. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ನಮ್ಮ ಭಾಗದ ಹೆಂಗಸರು ತುಂಗಭದ್ರೆಯಲ್ಲಿ ಮಿಂದು ಕೈಮುಗಿದು ಬರುವ ದೇವರು. ಕಾರ್ನಾಡರು ಮನುಷ್ಯನನ್ನು ಕುತ್ತಿಗೆಯಲ್ಲಿ ಅಡ್ಡ ಕತ್ತರಿಸಿದರು. ನಮ್ಮ ಹರಿಹರನನ್ನು ಕಡೆದ ಶಿಲ್ಪಿ ಉದ್ದಕ್ಕೆ ಎರಡು ಮಾಡಿ ಒಂದಾಗಿ ನಿಲ್ಲಿಸಿದ. ನಮ್ಮ ಮೆದುಳಿನಲ್ಲಿಯೂ ಸೀಳು ಇರುವುದು ಹೀಗೆಯೇ, ಉದ್ದಕ್ಕೆ: ಎಡ, ಬಲ ಎರಡು ಹೋಳು, ನಡುವೆ ನರಗಳ ಸೇತುವೆ. ಮೂರ್ಛೆರೋಗಕ್ಕೆಂದು ಆ ಸೇತುವೆಯನ್ನು ಕತ್ತರಿಸಿದವರನ್ನು ಪರೀಕ್ಷಿಸಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವನ ಶಿಷ್ಯ ಮೈಕೇಲ್ ಗಜಾನಿಗ ಮಾಡಿದ ಒಂದು ಪ್ರಯೋಗ ಹೀಗಿದೆ. ಮಾತಾಡುವ ಎಡ ಹೋಳಿಗೆ ಕೋಳಿಯ ಕಾಲಿನ ಚಿತ್ರ, ಮಾತು ಬಾರದ ಬಲ ಹೋಳಿಗೆ ಹಿಮ ಬಿದ್ದ ಮನೆಯ ಚಿತ್ರ ತೋರಿಸಿದರು. ಇದಕ್ಕೆ ಹೊಂದುವ ಚಿತ್ರ ಆರಿಸು ಎಂದಾಗ ಬಲ ಹೋಳಿನ ಅಧೀನದ ಎಡಗೈ, ಹಿಮ ಎತ್ತಲು ಸಲಿಕೆಯನ್ನು ಆರಿಸಿತು. ಸಲಿಕೆ ಯಾಕೆ ಎಂದು ಕೇಳಿದರು. ಬಾಯಿಗೆ ಹಿಮದ ವಿಷಯವೇ ಗೊತ್ತಿಲ್ಲ. ಆದರೂ ತಡವರಿಸಲಿಲ್ಲ: ಕೋಳಿಗೂಡು ಗುಡಿಸುವುದಕ್ಕೆ ಸಲಿಕೆ ಬೇಕಲ್ಲ ಎಂದಿತು.

ಸೇತುವೆ ಕತ್ತರಿಸದ ನಮ್ಮಲ್ಲೂ ಬಾಯಿಗೆ ಮುಂಚೆ ಕೈ ನಿರ್ಧಾರ ಮಾಡುವುದುಂಟು. ಸೀರೆ ಅಂಗಡಿಯಲ್ಲಿ ಕೈ ಒಂದು ಸೀರೆಯ ಮೇಲೆ ನಿಂತ ಮೇಲೆ ಕಾರಣ ಹುಡುಕುವವರೇ ಅಲ್ಲವೇ ನಾವು? ಪದ್ಮಿನಿಯ ಕೈ ಅವಳ ಆಸೆಯನ್ನು ತಿಳಿದಿತ್ತು, ಬಾಯಿ ತಿಳಿದಿರಲಿಲ್ಲ ಎಂದುಕೊಂಡರೆ ಎರಡು ಪಕ್ಷದ ಜಗಳವೂ ಇಲ್ಲ. ಅವಳು ಮಾಯಾವಿಯೂ ಅಲ್ಲ, ಪೆದ್ದಿಯೂ ಅಲ್ಲ. ಮೈಯುಳ್ಳ ಹೆಂಗಸು.

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಒಂದೇ ಕಡೆ ವಾಲುತ್ತದೆ. ಪ್ರಜ್ಞೆ ದೇಹದ ಕೆಲಸ, ಮುಖ್ಯವಾಗಿ ಮೆದುಳಿನ ಕೆಲಸ. ನಾಟಕವೂ ಅದನ್ನು ಅಲ್ಲಗಳೆಯುವುದಿಲ್ಲ. ಗಮನಿಸಿ, ತಲೆ ಬೀಳುವ ಈ ಕಥೆಯಲ್ಲಿ ಆತ್ಮ ಎಲ್ಲೂ ಹಾರಿಹೋಗುವುದಿಲ್ಲ. ಕಾಳಿ ಮಾಡುವುದೂ ಹೊಲಿಗೆಯ ಕೆಲಸವೇ. ಈ ಮಾತು ನಮ್ಮವರಿಗೆ ಹೊಸದೂ ಅಲ್ಲ. ಲೋಕಾಯತರು, ಅಂದರೆ ಚಾರ್ವಾಕರು, ಬಹಳ ಹಿಂದೆಯೇ ಇದನ್ನು ತಾಂಬೂಲದ ಉದಾಹರಣೆಯಿಂದ ಹೇಳಿದ್ದಾರೆ. ಎಲೆಯಲ್ಲಿ ಕೆಂಪಿಲ್ಲ, ಅಡಿಕೆಯಲ್ಲಿ ಆ ಕೆಂಪಿಲ್ಲ, ಸುಣ್ಣದಲ್ಲಂತೂ ಇಲ್ಲ. ಮೂರೂ ಸೇರಿದಾಗ ಕೆಂಪು ಹುಟ್ಟುತ್ತದೆ. ಮಣ್ಣು, ನೀರು, ಬೆಂಕಿ, ಗಾಳಿ ಸೇರಿದಾಗ ಚೈತನ್ಯ ಹುಟ್ಟುವುದೂ ಹಾಗೆ. ಅಡಿಕೆ ಸೀಮೆಯ ನಮಗೆ ಇದಕ್ಕಿಂತ ಚೆನ್ನಾಗಿ ತಿಳಿಸಿ ಹೇಳುವವರು ಯಾರು?

ಇದನ್ನು ಒಪ್ಪಲು ಹೆಂಗಸರಿಗೆ ಒಂದು ಅಳುಕಿದೆ. ಪ್ರೀತಿ, ಸಹನೆ, ದುಃಖ ಎಲ್ಲವೂ ನರಗಳ ಆಟ ಎಂದುಬಿಟ್ಟರೆ ನಾವು ಬದುಕಿದ್ದಕ್ಕೆ ಬೆಲೆ ಏನು? ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬ ಅಕ್ಕ ಇದ್ದಾರೆ. ಅವರ ಯಜಮಾನರಿಗೆ ಲಕ್ವ ಹೊಡೆಯಿತು. ಕೈಕಾಲು ಸುಮಾರಾಗಿ ಸುಧಾರಿಸಿದವು, ಸ್ವಭಾವ ಸುಧಾರಿಸಲಿಲ್ಲ. ಎಂದೂ ಗದರಿ ಮಾತಾಡದಿದ್ದವರು ಈಗ ಬಾಯಿಗೆ ಬಂದದ್ದು ಬೈಯುತ್ತಾರೆ. ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು, ಹಣೆಯ ಹಿಂದಿನ ಈ ಭಾಗಕ್ಕೆ ಪೆಟ್ಟಾಗಿದೆ, ಸಿಟ್ಟು ತಡೆಯುವ ಜಾಗ ಇದು ಎಂದು ತೋರಿಸಿದರಂತೆ. ಆ ಅಕ್ಕ ನನಗೆ ಹೇಳಿದ್ದು ಹೀಗೆ: “ಟೀಚರ್ರೇ, ಆ ಫಿಲ್ಮ್ ನೋಡಿದ ಮೇಲೆ ನನಗೆ ಅರ್ಧ ಸಂಕಟ ಇಳೀತು ನೋಡ್ರಿ. ಬೈಯೋದು ಇವರಲ್ಲ, ಆ ಕಲೆ ಅಂತ ತಿಳ್ಕೊಂಡೆ. ಆದ್ರೆ ಒಂದು ಮಾತು ಕೇಳ್ತೀನಿ. ಬೈಯೋದು ಮೆದುಳು ಅಂದ್ರೆ, ಮೂವತ್ತೆಂಟು ವರ್ಷ ನನ್ನ ಚೆಂದ ನೋಡ್ಕೊಂಡಿದ್ದೂ ಮೆದುಳೇನಾ? ಹಂಗಾದ್ರೆ ಇವರು ಎಲ್ಲಿದಾರ್ರೀ?”

ಬೇತಾಳ ಕೇಳಿದ್ದಕ್ಕಿಂತ ಇದು ದೊಡ್ಡ ಪ್ರಶ್ನೆ. ಪದ್ಮಿನಿಯ ಪ್ರಶ್ನೆಯೂ ಇದೇ. ನನಗೆ ತೋಚಿದ ಉತ್ತರ ಇಷ್ಟು: ಹೌದು, ಚೆಂದ ನೋಡಿಕೊಂಡದ್ದೂ ಮೆದುಳೇ. ಹಾಗೆಂದು ಅದು ಸುಳ್ಳಾಗಲಿಲ್ಲ. ರೊಟ್ಟಿ ಬರೀ ಜೋಳದ ಹಿಟ್ಟು ಎಂದು ತಿಳಿದ ಮಾತ್ರಕ್ಕೆ ಹಸಿವು ಇಂಗಿದ್ದು ಸುಳ್ಳಾಗುವುದಿಲ್ಲ. ಆ ಮೂವತ್ತೆಂಟು ವರ್ಷ ಆ ಮೆದುಳು ದಿನವೂ ಅವರ ಕಡೆಗೆ ತಿರುಗಿ ಮಾಡಿದ ಕೆಲಸ ಅದು. ಅದಕ್ಕೆ ಪ್ರೀತಿ ಎನ್ನದೆ ಬೇರೆ ಏನೆನ್ನುವುದು?

ಶರೀರದ ಲೆಕ್ಕ ಹೇಳಿದಾಗ ನಮ್ಮ ಬದುಕಿನ ಬೆಲೆ ಏರಲೂಬಹುದು ಎನ್ನುವುದಕ್ಕೆ ಇನ್ನೊಂದು ಸಂಗತಿ ಹೇಳುತ್ತೇನೆ. ಕೆನಡಾದ ಹೆಸರಾಂತ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1928ರಲ್ಲಿ ತನ್ನ ಸ್ವಂತ ಅಕ್ಕನ ತಲೆಯಿಂದ ಗಡ್ಡೆ ತೆಗೆದ. ಅದಕ್ಕಾಗಿ ಮೆದುಳಿನ ಮುಂಭಾಗದ ಬಲಪಕ್ಕವನ್ನು ಬಹುಪಾಲು ತೆಗೆಯಬೇಕಾಯಿತು. ಅಕ್ಕ ಚೇತರಿಸಿಕೊಂಡಳು. ಮಾತು, ನೆನಪು, ನಡತೆ ಎಲ್ಲ ಸರಿಯಾಗಿದ್ದವು. ಒಂದು ದಿನ ತಮ್ಮನನ್ನೂ ಇನ್ನು ಕೆಲವರನ್ನೂ ಊಟಕ್ಕೆ ಕರೆದಳು. ಹೊತ್ತಾದಾಗ ನೋಡಿದರೆ ಅಡುಗೆಮನೆಯಲ್ಲಿ ಸಾಮಾನೆಲ್ಲ ಹರಡಿಕೊಂಡಿದೆ, ಒಂದೆರಡು ಶುರುವಾಗಿವೆ, ಉಳಿದವಕ್ಕೆ ಕೈಯೇ ಹಚ್ಚಿಲ್ಲ. ಅವಳು ದಿಕ್ಕು ತೋಚದೆ ನಿಂತಿದ್ದಾಳೆ. ಪ್ರತಿಯೊಂದು ಅಡುಗೆಯೂ ಅವಳಿಗೆ ಗೊತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ಹೋಗಿಬಿಟ್ಟಿತ್ತು. ಪೆನ್‌ಫೀಲ್ಡ್ ಇದನ್ನು ವೈದ್ಯಕೀಯ ಲೇಖನದಲ್ಲಿ ದಾಖಲಿಸಿದ. ಒಂದು ಒಲೆಯ ಮೇಲೆ ಅನ್ನ, ಇನ್ನೊಂದರ ಮೇಲೆ ಸಾರು, ನಡುವೆ ಮಗುವಿನ ಜಡೆ, ಹಾಲಿನವನ ಲೆಕ್ಕ ಇಷ್ಟನ್ನೂ ತೂಗಿಸಿಕೊಂಡು ಹೋಗುವುದು ‘ಬರೀ ಅಡುಗೆ’ ಎಂದವರ ಮುಂದೆ ಆ ಲೇಖನ ಹಿಡಿಯಬೇಕು. ಮನುಷ್ಯನ ಮೆದುಳಿನ ಅತ್ಯಂತ ಮೇಲಿನ ದರ್ಜೆಯ ಕೆಲಸಗಳಲ್ಲಿ ಅದು ಒಂದು.

ಇಷ್ಟೆಲ್ಲ ಒಪ್ಪಿದ ಮೇಲೂ ಉಳಿಯುವುದೊಂದಿದೆ. ತಾಂಬೂಲದ ಉಪಮೆಗೇ ಮರಳೋಣ. ಕೆಂಪು ಎದುರಿಗೆ ನಿಂತವರಿಗೂ ಕಾಣುತ್ತದೆ. ನಾಲಿಗೆಗೆ ಹತ್ತಿದ ಒಗರು, ಸುಣ್ಣದ ಚುರುಕು ಅಗಿದವರಿಗೆ ಮಾತ್ರ ಗೊತ್ತು. ಡೇವಿಡ್ ಚಾಮರ್ಸ್ ಎಂಬ ತತ್ತ್ವಶಾಸ್ತ್ರಜ್ಞ 1990ರ ದಶಕದ ನಡುವೆ ಇದಕ್ಕೆ ‘ಕಠಿಣ ಸಮಸ್ಯೆ’ ಎಂದು ಹೆಸರಿಟ್ಟ. ಮೆದುಳು ಹೇಗೆ ನೋಡುತ್ತದೆ, ಹೇಗೆ ನೆನಪಿಡುತ್ತದೆ ಎಂಬುದನ್ನೆಲ್ಲ ವಿವರಿಸಿದ ಮೇಲೂ, ಅದರ ಜೊತೆಗೆ ಒಳಗೊಂದು ಅನುಭವ ಯಾಕಿದೆ ಎಂಬುದು ಹಾಗೆಯೇ ಉಳಿಯುತ್ತದೆ ಎಂಬುದು ಅವನ ವಾದ. 1998ರಲ್ಲಿ ಕ್ರಿಸ್ಟಾಫ್ ಕಾಖ್ ಎಂಬ ವಿಜ್ಞಾನಿ ಅವನ ಜೊತೆ ಪಂದ್ಯ ಕಟ್ಟಿದ: ಇನ್ನು 25 ವರ್ಷದೊಳಗೆ ಮೆದುಳಿನಲ್ಲಿ ಪ್ರಜ್ಞೆಯ ಸ್ಪಷ್ಟ ಗುರುತನ್ನು ಹುಡುಕಿಕೊಡುತ್ತೇವೆ ಎಂದು. 2023ರಲ್ಲಿ ಕಾಖ್ ತುಂಬಿದ ಸಭೆಯಲ್ಲಿ ಸೋಲೊಪ್ಪಿ ದ್ರಾಕ್ಷಾರಸದ ಸೀಸೆಗಳನ್ನು ಕೊಟ್ಟ. ಹಾಗೆಂದು ಆತ್ಮ ಗೆದ್ದಿತು ಎಂದು ಯಾರೂ ಜಾಗಟೆ ಬಾರಿಸಬೇಕಾಗಿಲ್ಲ. ಲೆಕ್ಕ ಇನ್ನೂ ನಡೆದಿದೆ ಎಂದಷ್ಟೇ ಅರ್ಥ.

ಇದು ಪಂಡಿತರ ಜಗಳ, ನಮಗೇಕೆ ಎನ್ನಬೇಡಿ. ಹೆರಿಗೆ ಕೋಣೆಯಲ್ಲಿ ಮಲಗಿ ಎದ್ದವರಿಗೆಲ್ಲ ಇದು ಗೊತ್ತು. ಗರ್ಭಕೋಶ ಎಷ್ಟು ನಿಮಿಷಕ್ಕೊಮ್ಮೆ ಬಿಗಿಯುತ್ತದೆ, ಬಾಯಿ ಎಷ್ಟು ಅಗಲವಾಗಿದೆ, ರಕ್ತದ ಒತ್ತಡ ಎಷ್ಟು ಎಲ್ಲವೂ ಹಾಳೆಯ ಮೇಲೆ ಇರುತ್ತದೆ. ನೋವು ಆ ಹಾಳೆಯ ಮೇಲೆ ಇರುವುದಿಲ್ಲ. ಅದನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ, ಕೇಳಿಯೇ ತಿಳಿಯಬೇಕು. ಇಷ್ಟೇನು ನೋವಾಗುವುದಿಲ್ಲ, ಎಲ್ಲರೂ ಹೆರುತ್ತಾರೆ ಎಂಬ ಮಾತನ್ನು ನಮ್ಮಲ್ಲಿ ಕೇಳದವರು ಯಾರು? ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಉರಿಯುತ್ತದೆ, ನಿದ್ದೆ ಬರುವುದಿಲ್ಲ ಎಂದರೆ, ಎಲ್ಲ ಹಾರ್ಮೋನು ಎಂದು ಮಾತು ಮುಗಿಸುತ್ತಾರೆ. ಹಾರ್ಮೋನು ಎಂದದ್ದು ನಿಜ. ಮಾತು ಮುಗಿಸಿದ್ದು ಅನ್ಯಾಯ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಾಗುತ್ತಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕು ಎಂದು ಸ್ಪಷ್ಟವಾಗಿ ಸೇರಿಸಿತು. ಇದನ್ನು ಬರೆದು ಇಡಬೇಕಾಯಿತು ನೋಡಿ!

ನನ್ನ ಮುಖ್ಯ ಮಾತು ಇದೇ. ‘ಹಯವದನ’ದ ಋಷಿಯ ದೋಷ, ಅವನು ತಲೆಯನ್ನು ಆರಿಸಿದ್ದರಲ್ಲಿ ಇಲ್ಲ. ಅದರಲ್ಲಿ ಅವನು ಮುಕ್ಕಾಲು ಪಾಲು ಸರಿ. ಅವನು ಪದ್ಮಿನಿಯನ್ನು ಒಂದು ಪ್ರಶ್ನೆಯನ್ನೂ ಕೇಳದೆ ತೀರ್ಪು ಕೊಟ್ಟ. ಎರಡು ದೇಹಗಳನ್ನೂ ಬಲ್ಲವಳು, ಎರಡು ಮನಸ್ಸುಗಳನ್ನೂ ಬಲ್ಲವಳು, ಅಲ್ಲಿ ಸಾಕ್ಷಿ ಹೇಳಬಲ್ಲವಳು ಅವಳೊಬ್ಬಳೇ. ಕೊನೆಯಲ್ಲೂ ಅದೇ ಕಥೆ. ಪಾಂಡವರು ದ್ರೌಪದಿಯ ಹಾಗೆ ಮೂವರೂ ಕೂಡಿ ಬಾಳಬಹುದೇ ಎಂಬ ಮಾತು ಗಂಡಸರಿಬ್ಬರ ನಡುವೆ ಬರುತ್ತದೆ, ಅವರಿಬ್ಬರ ನಡುವೆಯೇ ಬಿದ್ದುಹೋಗುತ್ತದೆ. ಇಬ್ಬರೂ ಕತ್ತಿ ಹಿಡಿದು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ತಾನು ಹೂಂ ಎಂದಿದ್ದರೆ ಬದುಕುತ್ತಿದ್ದರೇನೋ, ಆದರೆ ಆ ಮಾತು ಬಾಯಿಗೆ ಬರಲಿಲ್ಲ ಎಂದು ಅವಳು ಆಮೇಲೆ ಹೆಣಗಳ ಮುಂದೆ ಹೇಳಿಕೊಳ್ಳುತ್ತಾಳೆ.

ಕಾರ್ನಾಡರು ಇದನ್ನು ಕಂಡಿದ್ದಾರೆ ಎಂಬುದಕ್ಕೆ ನಾನು ಅವರಿಗೆ ಋಣಿ. ಹೆಣ್ಣಿನ ಆಸೆಯನ್ನು ಅಷ್ಟು ಬಿಚ್ಚಾಗಿ, ಆದರೆ ಹಗುರ ಮಾಡದೆ ಬರೆದವರು ಕಡಿಮೆ. ಆದರೆ ಅವರ ಮೇಲೆ ನನ್ನ ತಕರಾರೂ ಇದೆ. ಇಷ್ಟು ಚುರುಕಿನ ಹೆಣ್ಣನ್ನು ಸೃಷ್ಟಿಸಿ ಕೊನೆಗೆ ಚಿತೆಗೆ ಏರಿಸುತ್ತಾರೆ. ಹೋಗುವಾಗ ಅವಳು ಮಗುವನ್ನು ಭಾಗವತನಿಗೆ ಒಪ್ಪಿಸಿ, ಮೊದಲು ಕಾಡಿನ ಬೇಡರ ಬಳಿ ಕಪಿಲನ ಮಗನೆಂದು ಬೆಳೆಯಲಿ, ಐದು ವರ್ಷ ತುಂಬಿದ ಮೇಲೆ ದೇವದತ್ತನ ತಂದೆಗೆ ದೇವದತ್ತನ ಮಗನೆಂದು ಒಪ್ಪಿಸಲಿ ಎನ್ನುತ್ತಾಳೆ. ಪದ್ಮಿನಿಯ ಮಗನೆಂದು ಹೇಳು ಎನ್ನುವುದಿಲ್ಲ. ಋಷಿಯ ತೀರ್ಪನ್ನು ಪ್ರಶ್ನಿಸಿದ ನಾಟಕಕಾರ, ಇಲ್ಲಿ ಆ ಹಳೆಯ ಲೆಕ್ಕಕ್ಕೇ ಸಹಿ ಹಾಕಿಬಿಟ್ಟರೇ ಎಂದು ನನಗೆ ಅನ್ನಿಸುತ್ತದೆ.

ನಾವು ಪ್ರೇಕ್ಷಕರೂ ಸಾಚಾ ಅಲ್ಲ. ಚಿಂದೋಡಿ ಲೀಲಾ ಅವರ ಊರಿನವರು ನಾವು, ಕಂಪನಿ ನಾಟಕ ನೋಡಿ ಪಳಗಿದ ಕಣ್ಣು ನಮ್ಮದು. ‘ಹಯವದನ’ದಲ್ಲಿ ತಲೆ ಬದಲಾಗುವುದು ಮುಖವಾಡ ಬದಲಾಗುವುದರಿಂದ. ನಟ ಅವನೇ, ಮೈ ಅದೇ; ಮುಖವಾಡ ಬದಲಾದ ಕೂಡಲೇ ನಾವು ಅವನ ಹೆಸರು ಬದಲಿಸಿಕೊಂಡು ನೋಡತೊಡಗುತ್ತೇವೆ. ನಮ್ಮನ್ನು ಹಾಗೆ ಸಿಕ್ಕಿಸಿ ಹಾಕಿ ತೋರಿಸಿದ್ದು ಈ ನಾಟಕದ ದೊಡ್ಡ ಗೆಲುವು.

ಇನ್ನು ಹೆಸರಿನ ಪಾತ್ರ, ಕುದುರೆ ಮುಖದ ಹಯವದನ. ಪೂರ್ತಿ ಮನುಷ್ಯನಾಗಬೇಕೆಂದು ಹೋದವನನ್ನು ಕಾಳಿ ಪೂರ್ತಿ ಕುದುರೆ ಮಾಡಿ ಕಳಿಸುತ್ತಾಳೆ. ಉಳಿದದ್ದು ಮನುಷ್ಯನ ದನಿಯೊಂದೇ. ಅದೇ ಅವನಿಗೆ ಕಾಟ. ಕೊನೆಗೆ, ಎಂದೂ ನಗದ ಪದ್ಮಿನಿಯ ಮಗು ನಕ್ಕಾಗ, ತಾನೂ ನಕ್ಕು ನಕ್ಕು ನಗು ಕೆನೆತವಾಗಿ ದನಿ ಕಳೆದುಕೊಳ್ಳುತ್ತಾನೆ, ಸುಖಿಯಾಗುತ್ತಾನೆ. ರಂಗದ ಮೇಲೆ ಎಲ್ಲರೂ ನಗುವ ಈ ಜಾಗದಲ್ಲಿ ನನಗೆ ನಗು ಬರುವುದಿಲ್ಲ. ಒಳಗಿನದನ್ನು ಹೊರಗೆ ಹೇಳುವ ದನಿ ಇಲ್ಲವಾದರೆ ಎಲ್ಲವೂ ಸಲೀಸಾಗಿ ಪೂರ್ಣವಾಗುತ್ತದೆ ಎಂಬುದು ಎಂಥ ಪೂರ್ಣತೆ?

ಪ್ರಜ್ಞೆಯನ್ನು ಭೌತಿಕ ಕ್ರಿಯೆಯೆಂದು ವಿವರಿಸುವ ಕೆಲಸ ಮುಂದುವರಿಯಲಿ. ನನಗೆ ಅದರಿಂದ ಅವಮಾನವಿಲ್ಲ, ಭಯವೂ ಇಲ್ಲ. ಆ ಅಕ್ಕನ ಅರ್ಧ ಸಂಕಟ ಇಳಿಸಿದ್ದು ಅದೇ. ಆದರೆ ವಿವರಣೆ ಮುಗಿಯಿತು ಎಂದು ಪುಸ್ತಕ ಮುಚ್ಚುವ ಮೊದಲು, ಒಳಗೆ ಕೂತು ಅನುಭವಿಸುತ್ತಿರುವವರನ್ನು ಒಂದು ಮಾತು ಕೇಳಬೇಕು. ಮಿಲ್ನರ್ ಕೇಳಿದಳು, ಗಜಾನಿಗ ಕೇಳಿದ. ಕೇಳಿದ್ದರಿಂದಲೇ ಅವರಿಗೆ ಸತ್ಯ ಸಿಕ್ಕಿತು. ಋಷಿ ಕೇಳಲಿಲ್ಲ. ಅದರ ಫಲವಾಗಿ ಮೂರು ಹೆಣ ಬಿದ್ದವು.